ಗೋಚರತೆ ಮೂರು ಕಿಲೋಮೀಟರ್

ವಿಮಾನ ಕ್ಲಬ್ಬಿನ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಆ ಭಾನುವಾರ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆದಿದ್ದದ್ದು ಇಷ್ಟೇ: ‘ಗಾಳಿ ಇಲ್ಲ. ಮೋಡ ಎರಡು, ಸಣ್ಣವು. ಗೋಚರತೆ ಮೂರು ಕಿಲೋಮೀಟರ್.’ ಮೊದಲೆರಡು ಮಾತು ಓದಿ ಹಿಗ್ಗಿದ ಪೈಲಟ್ಟು, ಮೂರನೆಯದನ್ನು ಓದಿ ಮೆಟ್ಟಿಲ ಮೇಲೆ ಕುಸಿದು ಕೂತ.

ಪೈಲಟ್ಟು ಅಂದರೆ ಅವನಿನ್ನೂ ಪೈಲಟ್ಟಲ್ಲ. ಅದು ಬೀದಿಯವರು ತಮಾಷೆಗೆ ಇಟ್ಟ ಹೆಸರು. ಹೊಟ್ಟೆಪಾಡಿಗೆ ಅವನು ಪೇಂಟರು. ನಾಲ್ಕು ವರ್ಷದ ಹಿಂದೆ ಈ ಕ್ಲಬ್ಬಿನ ಶೆಡ್ಡಿಗೆ ಬಣ್ಣ ಹೊಡೆಯಲು ಬಂದವನು, ಏಣಿಯ ಮೇಲಿಂದ ವಿಮಾನವನ್ನೇ ನೋಡುತ್ತ ಒಂದೇ ಗೋಡೆಗೆ ಮೂರು ಕೋಟು ಬಳಿದಿದ್ದ. ಕೊನೆಗೆ ಕೂಲಿ ಕೊಡಲು ಕರೆದಾಗ, “ದುಡ್ಡು ಬೇಡ, ಹಾರೋದು ಕಲಿಸಿ” ಅಂದ. ಅಂದಿನಿಂದ ಕ್ಲಬ್ಬಿನ ಗೋಡೆ, ಕಿಟಕಿ, ಬೇಲಿ ಎಲ್ಲಕ್ಕೂ ಅವನದೇ ಬಣ್ಣ. ಪ್ರತಿ ಭಾನುವಾರ ಅವನಿಗೆ ಪಾಠ.

ಈಗ ಉಳಿದದ್ದು ಒಂದೇ. ಪಕ್ಕದಲ್ಲಿ ಗುರು ಇಲ್ಲದೆ, ತಾನೊಬ್ಬನೇ ಮೇಲೇರಿ, ಒಂದು ಸುತ್ತು ಹಾಕಿ ಇಳಿಯಬೇಕು. ಅದಕ್ಕೆ ಪಾಠ ಹೇಳುವ ಮೇಡಂ ತಿಂಗಳ ಹಿಂದೆಯೇ ಒಪ್ಪಿಗೆಯ ಸಹಿ ಹಾಕಿದ್ದರು. ಗುರು ಜೊತೆಗಿದ್ದರೆ ಮೂರು ಕಿಲೋಮೀಟರ್ ದೂರ ಕಂಡರೂ ಸಾಕು. ಒಬ್ಬನೇ ಹಾರುವ ವಿದ್ಯಾರ್ಥಿಗೆ ಐದು ಕಿಲೋಮೀಟರ್ ಕಾಣಲೇಬೇಕು, ಅದು ನಿಯಮ. ಕಳೆದ ಮೂರು ಭಾನುವಾರವೂ ಹಲಗೆ ಮೂರರಲ್ಲೇ ಹಟ ಹಿಡಿದು ನಿಂತಿತ್ತು. ಇವತ್ತಿನದು ನಾಲ್ಕನೆಯದು, ಮತ್ತು ಕೊನೆಯದು. ನಾಳೆ ಬೆಳಿಗ್ಗೆ ಮೇಡಂ ಬೇರೆ ಊರಿನ ಕ್ಲಬ್ಬಿಗೆ ಹೊರಡುತ್ತಾರೆ, ಅವರ ಸಹಿಯ ಬೆಲೆಯೂ ಅವರ ಜೊತೆಗೇ ಹೊರಡುತ್ತದೆ. ಹೊಸ ಗುರು ಬಂದರೆ ಅ ಆ ಇ ಈಯಿಂದ ಮತ್ತೆ ಶುರು. ಪೈಲಟ್ಟಿಗೆ ಮುಂದಿನ ತಿಂಗಳು ಐವತ್ತು ತುಂಬುತ್ತಿತ್ತು.

“ಮೇಡಂ, ಆಕಾಶ ನೋಡಿ ಮೇಡಂ! ತೊಳೆದಿಟ್ಟ ತಟ್ಟೆ ಹಾಗಿದೆ!” ಅಂತ ಅವನು ಗೋಗರೆದ.

“ನನಗೂ ಕಣ್ಣಿದೆ. ಆದ್ರೆ ನಾನು ನೋಡಿದ್ದಕ್ಕೆ ಬೆಲೆ ಇಲ್ಲ. ಹಲಗೆ ಮೇಲೆ ಐದು ಬರ್ಲಿ, ಆ ಕ್ಷಣ ನಿಮ್ಮನ್ನ ಕಳಿಸ್ತೀನಿ. ಅಲ್ಲೀವರೆಗೆ ಕೂತ್ಕೊಳ್ಳಿ,” ಅಂದರು ಮೇಡಂ.

ಬೆಂಚಿನ ಮೇಲೆ ಹಲ್ಲಿನ ಡಾಕ್ಟರಮ್ಮ ಆಗಲೇ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಅವರೂ ಇವನ ಹಾಗೆಯೇ ಮೊದಲ ಒಂಟಿ ಹಾರಾಟಕ್ಕೆ ಕಾದವರು. ಇದ್ದದ್ದು ಒಂದೇ ವಿಮಾನ. ಸರದಿಯಲ್ಲಿ ಪೈಲಟ್ಟು ಮೊದಲು, ಅವರು ಆಮೇಲೆ.

“ನಿಮಗೆ ತಳಮಳ ಆಗಲ್ವಾ ಡಾಕ್ಟ್ರೇ?”

“ಆಗತ್ತೆ. ಅದಕ್ಕೇ ಹೆಣೀತಿದ್ದೀನಿ. ಇದು ನಾಲ್ಕನೇ ತೋಳು,” ಅಂದರು ಡಾಕ್ಟರಮ್ಮ. ಸ್ವೆಟರಿಗೆ ಎರಡೇ ತೋಳು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಗಂಟೆಗೊಮ್ಮೆ ಮಹಡಿಯಿಂದ ಹವಾಮಾನದ ಸಾಹೇಬರು ಸೀಮೆಸುಣ್ಣ ಹಿಡಿದು ಇಳಿದು ಬರುತ್ತಿದ್ದರು. ಬಂದವರೇ ಹಲಗೆಯನ್ನು ಒದ್ದೆ ಬಟ್ಟೆಯಿಂದ ಚೊಕ್ಕವಾಗಿ ಒರೆಸುವರು. ಪೈಲಟ್ಟು ಉಸಿರು ಬಿಗಿಹಿಡಿಯುವನು. ಸಾಹೇಬರು ಅದೇ ಜಾಗದಲ್ಲಿ, ಅದೇ ದುಂಡಗಿನ ಅಕ್ಷರದಲ್ಲಿ ‘ಮೂರು’ ಅಂತ ಬರೆದು, ಕೈ ಝಾಡಿಸಿಕೊಂಡು ಹತ್ತಿ ಹೋಗುವರು. ಎಂಟಕ್ಕೆ ಮೂರು. ಒಂಬತ್ತಕ್ಕೆ ಮೂರು. ಹತ್ತಕ್ಕೂ ಮೂರೇ.

ಹನ್ನೊಂದಕ್ಕೆ ಬೀದಿಯೇ ಬಂದಿಳಿಯಿತು. ದಿನಸಿ ಅಂಗಡಿಯ ವ್ಯಾನಿನಲ್ಲಿ ಹತ್ತು ಹನ್ನೆರಡು ಜನ, ಮುಂದೆ ಪೈಲಟ್ಟಿನ ಹೆಂಡತಿ, ಹಿಂದೆ ಸ್ಕೂಟರಿನಲ್ಲಿ ಪಕ್ಕದ ಮನೆ ದರ್ಜಿ.

“ಯಾಕೆ ಕರ್ಕೊಂಡು ಬಂದೆ ಇವರನ್ನೆಲ್ಲಾ?” ಪೈಲಟ್ಟು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

“ನಾನೆಲ್ಲಿ ಕರೆದೆ? ನಮ್ಮನೆಯವರು ಇವತ್ತು ಒಬ್ರೇ ಹಾರ್ತಾರೆ ಅಂತ ನಲ್ಲಿ ಹತ್ರ ಒಂದು ಮಾತು ಅಂದೆ ಅಷ್ಟೇ ಕಣ್ರೀ.”

ನಲ್ಲಿಯ ಹತ್ತಿರ ಆಡಿದ ಮಾತಿಗೆ ರೆಕ್ಕೆ ಬೇರೆ ಬೇಕೆ? ಮೂರು ಭಾನುವಾರ ಸಪ್ಪೆ ಮುಖದಲ್ಲಿ ಮನೆಗೆ ಬಂದ ಗಂಡನನ್ನು ನೋಡಿ ಅವಳಿಗೂ ಸಾಕಾಗಿತ್ತು. ಮೊದಲೆಲ್ಲ “ಈ ವಯಸ್ಸಲ್ಲಿ ಇದೆಲ್ಲ ಬೇಕಾ” ಅಂತ ಗೊಣಗಿದವಳು, ಈಗ ಅವನೊಮ್ಮೆ ಹಾರಿ ಇಳಿದರೆ ಸಾಕು ಅಂತ ಅವನಿಗಿಂತ ಹೆಚ್ಚಾಗಿ ಚಡಪಡಿಸುತ್ತಿದ್ದಳು. ಗಂಡನ ಕಣ್ಣ ಕೆಳಗಿನ ಕಪ್ಪು ಅವಳಿಗೆ ಕಾಣದೇ ಇರಲಿಲ್ಲ.

ದರ್ಜಿ ಹಾರಾಟಕ್ಕೆಂದೇ ಒಂದು ಬಿಳಿ ಅಂಗಿ ಹೊಲಿದು ತಂದಿದ್ದ. ಭುಜದ ಮೇಲೆ ಚಿನ್ನದ ಬಣ್ಣದ ನಾಲ್ಕು ಪಟ್ಟಿ.

“ನಾಲ್ಕು ಪಟ್ಟಿ ದೊಡ್ಡ ವಿಮಾನದ ಕ್ಯಾಪ್ಟನ್‌ಗೆ ಕಣೋ! ನನಗೆ ಒಂದೂ ಇಲ್ಲ!”

“ಇರ್ಲಿ ಹಾಕ್ಕೊಳಣ್ಣಾ. ಪಟ್ಟಿ ಮಿಕ್ಕಿತ್ತು.”

ಅಂಗಿ ಹಾಕಿಸಿದ್ದಾಯಿತು. ಆಮೇಲೆ ಸಲಹೆಗಳ ಸುರಿಮಳೆ. ದಿನಸಿಯವರು ಮಂಜು ಅಂದರು, ಇನ್ನೊಬ್ಬರು ಧೂಳು ಅಂದರು, ಮತ್ತೊಬ್ಬರು ಸಾಹೇಬರಿಗೆ ಕನ್ನಡಕ ಬದಲಿಸಿ ಅಂದರು. ಮಧ್ಯಾಹ್ನ ಒಂದಕ್ಕೂ ಎರಡಕ್ಕೂ ಸಾಹೇಬರು ‘ಮೂರು’ ಬರೆದಾಗ ಹನ್ನೆರಡು ಜನ ಒಟ್ಟಿಗೆ “ಛೆ!” ಅಂದ ಸದ್ದಿಗೆ ಅವರು ಬೆಚ್ಚಿ ಸೀಮೆಸುಣ್ಣ ಮುರಿದರು.

ಮೂರು ಗಂಟೆಗೆ ದರ್ಜಿಯ ತಾಳ್ಮೆ ಕಳಚಿತು. “ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಣ್ಣಾ? ಅಕೋ, ಆ ಗುಡ್ಡದ ಮೇಲಿನ ಮರ ಬೇಕಾದ್ರೆ ಎಣಿಸ್ತೀನಿ! ಬಾ, ಕೇಳೇ ಬಿಡೋಣ,” ಅಂತ ಪೈಲಟ್ಟಿನ ರಟ್ಟೆ ಹಿಡಿದು ಮಹಡಿಗೆ ಎಳೆದೊಯ್ದ.

ಸಾಹೇಬರು ಬಿಸಿಲುಮಚ್ಚಿನ ಮೇಲೆ ಕೈ ಕಟ್ಟಿ ನಿಂತು ದೂರ ನೋಡುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಜಾಗ, ಅದೇ ನೋಟ. ಗೋಡೆಗೆ ಹಳದಿ ಬಣ್ಣಕ್ಕೆ ತಿರುಗಿದ, ದೂರದ ಗುರುತುಗಳ ಒಂದು ಪಟ್ಟಿ ಅಂಟಿಸಿತ್ತು.

“ಸಾರ್, ಇಷ್ಟು ನಿಚ್ಚಳವಾಗಿದೆ, ಮೂರೇ ಹೇಗೆ ಸಾರ್?” ಅಂದ ಪೈಲಟ್ಟು.

“ಪಟ್ಟಿ ಇದೆ ನೋಡಿ. ಒಂದು ಕಿಲೋಮೀಟರಿಗೆ ಶಾಲೆ ಗೋಡೆ. ಕಾಣ್ತಿದೆ. ಮೂರಕ್ಕೆ ಹಂಚಿನ ಕಾರ್ಖಾನೆ ಚಿಮಣಿ. ಅದೂ ಕಾಣ್ತಿದೆ. ಐದಕ್ಕೆ ಊರಿನ ನೀರಿನ ಟ್ಯಾಂಕು. ಕಾಣ್ತಿಲ್ಲ. ಹಾಗಾದ್ರೆ ಎಷ್ಟಾಯ್ತು? ಮೂರು.”

“ಮತ್ತೆ ಆ ಗುಡ್ಡ? ಹನ್ನೆರಡು ಕಿಲೋಮೀಟರ್ ಆಚೆ ಇದೆ, ಕಾಣ್ತಿದೆಯಲ್ಲ!” ದರ್ಜಿ ಬಾಯಿ ಹಾಕಿದ.

“ಗುಡ್ಡ ಪಟ್ಟೀಲಿಲ್ಲ.”

“ದುರ್ಬೀನು ಹಿಡಿದಾದ್ರೂ ಟ್ಯಾಂಕ್ ನೋಡಿ ಸಾರ್!”

“ದುರ್ಬೀನು ಹಿಡಿದ್ರೆ ಚಂದ್ರನ ಗುಂಡಿನೂ ಕಾಣತ್ತೆ. ಗೋಚರತೆ ಚಂದ್ರನವರೆಗೆ ಅಂತ ಬರೀಲಾ? ಬರಿಗಣ್ಣಲ್ಲಿ ಕಾಣ್ಬೇಕು,” ಅಂದರು ಸಾಹೇಬರು. ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದರು: “ನನಗೂ ಆಶ್ಚರ್ಯ ಆಗಿದೆ ಕಣ್ರೀ. ಮೂವತ್ತು ವರ್ಷ ಕೆಂಪು ಬಿಳಿ ಟ್ಯಾಂಕು ಅಲ್ಲೇ ಎದ್ದು ಕಾಣ್ತಿತ್ತು. ಈಗ ಮೂರ್ನಾಲ್ಕು ವಾರದಿಂದ ಮಾಯ. ಆ ಜಾಗದಲ್ಲಿ ಬರೀ ಎರಡು ಸಣ್ಣ ಮೋಡ. ಅವೂ ಗಾಳಿಗೆ ಅಲುಗಾಡಲ್ಲ.”

ಪೈಲಟ್ಟು ಆ ಮೋಡಗಳ ಕಡೆ ನೋಡಿದ. ಕಟ್ಟೆ ಹಿಡಿದು ಮುಂದಕ್ಕೆ ಬಾಗಿ ಮತ್ತೊಮ್ಮೆ ನೋಡಿದ.

“ಸಾರ್,” ಅಂದ ಮೆಲ್ಲಗೆ, “ಆ ಎರಡು ಮೋಡ ನನ್ನವು.”

ನಿಜಕ್ಕೂ ಅವನವೇ. ತಿಂಗಳ ಹಿಂದೆ, ಮೇಡಂ ಸಹಿ ಹಾಕಿದ ಅದೇ ವಾರ, ಪುರಸಭೆಯವರು ಟ್ಯಾಂಕಿಗೆ ಬಣ್ಣ ಹೊಡೆಯುವ ಕೆಲಸ ಅವನಿಗೆ ಕೊಟ್ಟು, “ಏನಾದ್ರೂ ಚೆಂದಾಗಿ ಮಾಡಪ್ಪ” ಅಂದಿದ್ದರು. ಹಾರುವ ಖುಷಿಯಲ್ಲಿ ನೆಲ ಮರೆತಿದ್ದ ಅವನು, ಟ್ಯಾಂಕಿಗೆ ಕಾಲಿಂದ ತಲೆಯವರೆಗೆ ಆಕಾಶದ ನೀಲಿ ಬಳಿದು, ಎರಡು ಬಿಳಿ ಮೋಡ ಬಿಡಿಸಿದ್ದ. ನೋಡಿದವರು “ಟ್ಯಾಂಕೇ ಕಾಣಲ್ವಲ್ಲಪ್ಪ, ಆಕಾಶವೇ ಇಳಿದು ಬಂದ ಹಾಗಿದೆ” ಅಂದಾಗ, ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಹೊಗಳಿಕೆ ಕೇಳಿಲ್ಲ ಅಂತ ಕಣ್ಣೊರೆಸಿಕೊಂಡಿದ್ದ.

“ಅದು ಟ್ಯಾಂಕೇ ಸಾರ್. ನಾನೇ ಬಳಿದದ್ದು. ಐದು ಅಂತ ಬರ್ಕೊಳ್ಳಿ ಸಾರ್, ಕೈ ಮುಗೀತೀನಿ.”

“ಟ್ಯಾಂಕು ಅಂತ ನೀವು ಹೇಳ್ತೀರಿ. ನನ್ನ ಕಣ್ಣಿಗೆ ಕಾಣೋದು ಮೋಡ. ಮೋಡ ನಿಮ್ಮದೇ ಆದ್ರೆ ಹೋಗಿ ತೆಗೀರಿ.”

ಪೈಲಟ್ಟು ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಕೆಳಗೆ ಮೇಡಂ ಗಡಿಯಾರ ನೋಡಿ ಹೇಳಿದರು: “ಐದೂವರೆ ಒಳಗೆ ಚಕ್ರ ನೆಲ ಬಿಡ್ಬೇಕು. ಆಮೇಲೆ ಬೆಳಕು ಸಾಲಲ್ಲ, ನಾನು ಬಿಡೋದೂ ಇಲ್ಲ.”

ದರ್ಜಿಯ ಸ್ಕೂಟರು ಹಾರಿತು. ಕಣ್ಣಿನ ದಾರಿ ಐದೇ ಕಿಲೋಮೀಟರ್ ಇದ್ದರೂ ರಸ್ತೆ ಕಾರ್ಖಾನೆ ಸುತ್ತಿ, ಹಳ್ಳ ದಾಟಿ ಹೋಗುವಾಗ ಇಪ್ಪತ್ತು ನಿಮಿಷ ಹಿಡಿಯಿತು. ಮನೆಯಿಂದ ಕೆಂಪು ಬಣ್ಣದ ಎರಡು ಡಬ್ಬಿ, ಉದ್ದ ಕೋಲಿನ ರೋಲರು ಎತ್ತಿಕೊಂಡರು. ನೀರು ಬಿಡುವವನು ಗುರುತಿನವನೇ ಆದ್ದರಿಂದ ಟ್ಯಾಂಕಿನ ಮೆಟ್ಟಿಲ ಬೀಗ ಕೂಡಲೇ ತೆಗೆದ.

ಮೇಲೆ ಟ್ಯಾಂಕಿನ ಸುತ್ತ ಒಬ್ಬ ನಡೆಯುವಷ್ಟು ಅಗಲದ, ಕಟಕಟೆ ಕಟ್ಟಿದ ಜಗುಲಿ. ಪೈಲಟ್ಟು ರೋಲರನ್ನು ಬಣ್ಣಕ್ಕೆ ಅದ್ದಿ, ಮೊದಲ ಮೋಡದ ಮುಂದೆ ಒಂದು ಗಳಿಗೆ ಸುಮ್ಮನೆ ನಿಂತ. ಅಂಥ ಮೋಡ ಅವನು ಹಿಂದೆ ಬಿಡಿಸಿರಲಿಲ್ಲ, ಮುಂದೆ ಬಿಡಿಸುವ ಭರವಸೆಯೂ ಇರಲಿಲ್ಲ. ಹಲ್ಲು ಕಚ್ಚಿ ಎಳೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಮೂರು ದಿನ ಕೂತು ಬಿಡಿಸಿದ ಮೋಡಗಳು ಮೂರು ನಿಮಿಷಕ್ಕೆ ಹೋದವು. ಒಂದು ಗಂಟೆಯಲ್ಲಿ ವಿಮಾನ ಕ್ಲಬ್ಬಿನ ಕಡೆಯ ಅರ್ಧ ಟ್ಯಾಂಕು ರಕ್ತಗೆಂಪಾಯಿತು. ಬಿಳಿ ಅಂಗಿಯೂ ಆಯಿತು.

ಗಂಟೆ ನಾಲ್ಕೂ ಮುಕ್ಕಾಲು. ಸಾಹೇಬರಿಗೆ, ಆಮೇಲೆ ಮೇಡಂಗೆ ಫೋನು ಮಾಡಿದ. ಇಬ್ಬರೂ ಕೆಲಸದ ಹೊತ್ತಿನಲ್ಲಿ ಫೋನು ಎತ್ತುವವರಲ್ಲ. ಹೆಂಡತಿಗೆ ಮಾಡಿದ. ಅವಳ ಸುತ್ತ ಹನ್ನೆರಡು ಜನ ಒಟ್ಟಿಗೆ ಮಾತಾಡುತ್ತಿದ್ದರು, ಒಂದಕ್ಷರ ಕೇಳಿಸಲಿಲ್ಲ.

“ಏಯ್, ನೀನೇ ಹೋಗಿ ಸಾಹೇಬ್ರನ್ನ ಕೇಳ್ಕೊಂಡು ಫೋನ್ ಮಾಡೋ!” ಅಂತ ಕೆಳಗಿದ್ದ ದರ್ಜಿಗೆ ಕೂಗಿದ.

“ನೀನೂ ಬಾರಣ್ಣಾ, ಇಬ್ಬರೂ ಹೋಗೋಣ!”

“ತಿಳಿಯಾಗಿ ಕಂಡ್ರೆ? ಇನ್ನೊಂದು ಕೋಟು ಬೇಕು ಅಂದ್ರೆ? ಅಷ್ಟು ದೂರ ಹೋಗಿ ಮತ್ತೆ ವಾಪಸ್ ಬರೋಕಾಗತ್ತಾ? ನಾನಿಲ್ಲೇ ಇರ್ತೀನಿ, ನೀನು ಓಡು!”

ಎಷ್ಟಾದರೂ ಪೇಂಟರು. ಎರಡನೇ ಕೋಟಿನ ಮಾತು ಬಂದರೆ ಅವನಿಗೆ ಲೋಕವೇ ಮರೆಯುತ್ತದೆ. ಸ್ಕೂಟರು ಹೊರಟಿತು. ಅವನು ಕಾಯುತ್ತ ಕೂರದೆ, ತಿಳಿಯಾದ ಜಾಗಗಳನ್ನು ತಿದ್ದಿದ.

ಐದು ಹತ್ತಕ್ಕೆ ಫೋನು ಬಂತು.

“ಅಣ್ಣಾ! ಕಾಣ್ತಿದೆಯಣ್ಣಾ! ಉರಿಯೋ ಕೆಂಡದ ಹಾಗೆ ಕಾಣ್ತಿದೆ! ಸಾಹೇಬ್ರು ಹಲಗೆ ಒರೆಸಿ ಐದು ಬರೆದ್ರು! ಮೋಡ ಇಲ್ಲ ಅಂತಾನೂ ಬರೆದ್ರು!” ಹಿಂದೆ ಚಪ್ಪಾಳೆಯೋ ಚಪ್ಪಾಳೆ. ಪೈಲಟ್ಟು ಜಗುಲಿಯ ಮೇಲೆ ಕುಣಿದೇಬಿಟ್ಟ. ಅಷ್ಟರಲ್ಲಿ ಫೋನು ಮೇಡಂ ಕೈಗೆ ಹೋಯಿತು.

“ಗೋಚರತೆ ಐದು. ಗಾಳಿ ಇಲ್ಲ. ವಿಮಾನ ತಯಾರಿದೆ. ನೀವೆಲ್ಲಿದ್ದೀರಿ?”

“ನಾನು... ಟ್ಯಾಂಕ್ ಮೇಲಿದ್ದೀನಿ ಮೇಡಂ.”

ಪೈಲಟ್ಟು ಕೆಳಗೆ ನೋಡಿದ. ನೀರು ಬಿಡುವವನ ಸೈಕಲ್ಲೂ ಇರಲಿಲ್ಲ, ಇನ್ನೊಂದು ಬೀದಿಗೆ ನೀರು ಬಿಡಲು ಹೋಗಿದ್ದ. ಸ್ಕೂಟರು ಅಲ್ಲಿಂದ ಬರಲು ಇಪ್ಪತ್ತು ನಿಮಿಷ, ಇಲ್ಲಿಂದ ಹೋಗಲು ಇಪ್ಪತ್ತು. ಇಷ್ಟೆಲ್ಲ ಬಳಿದದ್ದು ಸಾಹೇಬರಿಗೆ ಇಲ್ಲಿಯವರೆಗೆ ಕಾಣಲಿ ಅಂತ. ಈಗ ಕಾಣುತ್ತಿತ್ತು, ಅವನೂ ಇಲ್ಲೇ ಇದ್ದ. ಎಷ್ಟು ಸಲ ಕೂಡಿಸಿ ನೋಡಿದರೂ ಐದೂವರೆ ದಾಟುತ್ತಿತ್ತು.

“ಮೇಡಂ,” ಅಂದ. “ಡಾಕ್ಟರಮ್ಮನ್ನ ಕಳಿಸಿ. ಅವರಿಗಾದ್ರೂ ಆಗ್ಲಿ.”

“ನೀವು ಹಾರ್ತಿದ್ರಿ ಕಣ್ರೀ,” ಅಂದರು ಮೇಡಂ, ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ. “ಚೆನ್ನಾಗೇ ಹಾರ್ತಿದ್ರಿ.”

ಸ್ವಲ್ಪ ಹೊತ್ತಿಗೆ ಕಾರ್ಖಾನೆಯ ಚಿಮಣಿಯ ಆಚೆ ಪುಟ್ಟ ವಿಮಾನ ಎದ್ದಿತು. ಏರಿತು, ತಿರುಗಿತು, ಸಂಜೆ ಬಿಸಿಲಿಗೆ ಒಮ್ಮೆ ಮಿನುಗಿತು. ತಿರುವಿನಲ್ಲಿ ರೆಕ್ಕೆ ತುಸು ಹೆಚ್ಚೇ ವಾಲಿದಾಗ ಪೈಲಟ್ಟು ರೋಲರಿನ ಕೋಲನ್ನೇ ಎರಡೂ ಕೈಯಲ್ಲಿ ಬಿಗಿಹಿಡಿದು, “ಎಡಕ್ಕೆ, ಎಡಕ್ಕೆ, ಮೆಲ್ಲಗೆ ಡಾಕ್ಟ್ರೇ” ಅಂದ. ರೆಕ್ಕೆ ಸರಿಹೋಯಿತು. ವಿಮಾನ ಇಳಿದು ಮರೆಯಾದ ಮೇಲೂ ಅವನು ಕೋಲು ಬಿಡಲಿಲ್ಲ. ಅಳು ಬಂತು, ಅತ್ತ. ಅಲ್ಲಿ ನೋಡುವವರು ಯಾರೂ ಇರಲಿಲ್ಲ.

ಫೋನು ಬಡಿದುಕೊಂಡಿತು. ಹೆಂಡತಿ. ಈ ಸಲ ಅವಳ ಹಿಂದೆ ಗದ್ದಲ ಇರಲಿಲ್ಲ.

“ಡಾಕ್ಟರಮ್ಮ ಚೆನ್ನಾಗಿ ಇಳಿದ್ರು. ಇಳಿದು ನೇರ ನನ್ನ ಹತ್ರ ಬಂದು ಕೈ ಹಿಡ್ಕೊಂಡು ಅತ್ತುಬಿಟ್ರು ಕಣ್ರೀ.”

“ಹೂಂ. ನೋಡ್ದೆ. ಚೆನ್ನಾಗಿ ಇಳಿಸಿದ್ರು.”

“ದರ್ಜಿ ಹೊರಟಿದ್ದಾನೆ, ಬರ್ತಾನೆ. ನೀವಿನ್ನೂ ಮೇಲೇ ಇದ್ದೀರಾ?”

“ಇದ್ದೀನಿ.”

“ಜೊತೆಗೆ ಯಾರಾದ್ರೂ ಇದ್ದಾರಾ?”

“ಇಲ್ಲ ಕಣೇ. ಒಬ್ಬನೇ ಇದ್ದೀನಿ.”

“ಒಬ್ರೇ ಮೇಲೇರಿದ್ದಂತೂ ಆಯ್ತು,” ಅಂದಳು. “ಹುಷಾರಾಗಿ ಇಳೀರಿ.”