ಮೇಲಿನ ಒಂದು ಡಾಲರ್

ಬಾಯಿಯನ್ನು ಬಾಡಿಗೆಗೆ ಕೊಟ್ಟು ಬದುಕುವವಳಿಗೆ ಇಂಥವು ನಡೆಯುತ್ತಲೇ ಇರುತ್ತವೆ. ಆಸ್ಟ್ರೇಲಿಯಾದ ಅಡಿಲೇಡಿನ ಮಾಡ್ಬರಿ ಬಡಾವಣೆಯಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ನಾನು ಫೋನಿನಲ್ಲಿ ದುಭಾಷಿ ಕೆಲಸ ಮಾಡುತ್ತೇನೆ. ಈ ಕಡೆ ಕನ್ನಡ, ಆ ಕಡೆ ಇಂಗ್ಲಿಷ್, ನಡುವೆ ನಾನು. ಕೇಳಿದ್ದನ್ನೆಲ್ಲ ಹೇಳಬೇಕು, ನನ್ನದೊಂದು ಮಾತೂ ಸೇರಿಸಬಾರದು. ಈ ತರಬೇತಿ ಮದುವೆಗೆ ಮೊದಲೇ ಆಗಿದ್ದರೆ ಅತ್ತೆಮನೆಯಲ್ಲಿ ಎಷ್ಟೋ ಸುಖವಾಗಿರುತ್ತಿದ್ದೆ.

೧. ಫೀಸ್ ಎಷ್ಟು?

ಪರ್ತಿನಿಂದ ಒಬ್ಬ ಅಪ್ಪ. ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟವೊಂದರಲ್ಲಿ ಯಂತ್ರ ನೋಡಿಕೊಳ್ಳುವ ಮೈಸೂರಿನ ಎಂಜಿನಿಯರ್. ಹೆಂಡತಿ ಬೇರೆಯಾಗಿ, ಆರು ವರ್ಷದ ಮಗಳೊಂದಿಗೆ ಬ್ರಿಸ್ಬೇನ್ ಸೇರಿದ್ದಳು. ಇಬ್ಬರಿಗೂ ಮಾತಿಲ್ಲ. ಮಗಳ ಖರ್ಚಿನ ಹಣವನ್ನು ಇವನಿಂದ ಪಡೆದು ಅವಳಿಗೆ ಮುಟ್ಟಿಸುವುದು ಸರ್ಕಾರಿ ಕಚೇರಿ. ಇಂಗ್ಲಿಷ್ ಅವನಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಮಗಳ ವಿಷಯ ಬಂದರೆ ಮಾತ್ರ ಕೈಕೊಡುತ್ತದೆ ಎಂದ.

ಈ ಸೇವೆಗೆ ಫೀಸ್ ಎಷ್ಟು ಎಂದು ಕೇಳಿದ. ಏನೂ ಇಲ್ಲ ಎಂದಳು ಕಚೇರಿಯಾಕೆ. ಅವನಿಗೆ ಗಾಬರಿಯಾಯಿತು. ಫೀಸ್ ಇಲ್ಲದ ಮೇಲೆ ರಸೀದಿ ಇಲ್ಲ, ರಸೀದಿ ಇಲ್ಲದ ಮೇಲೆ ದುಡ್ಡು ಮಗಳಿಗೆ ಮುಟ್ಟಿತೆಂಬ ನಂಬಿಕೆ ಎಲ್ಲಿಂದ? ಹತ್ತು ಡಾಲರಾದರೂ ತೆಗೆದುಕೊಳ್ಳಲಿ ಎಂದು ಹಟ ಹಿಡಿದ. ಹಾಗೇ ಹೇಳಿದೆ. ಆಕೆ, ಫೀಸ್ ಇಲ್ಲವೆಂದು ಇವರು ದೂರು ಕೊಡಲು ಬಯಸುತ್ತಾರೆಯೇ ಎಂದು ಕೇಳಿದಳು.

೨. ಸೊನ್ನೆಗೆ ಮುಗಿಯಬಾರದು

ಕನ್ನಡದ ದುಭಾಷಿಗಳು ಇಲ್ಲಿ ಬೆರಳೆಣಿಕೆಯಷ್ಟು. ಸುತ್ತಿ ಸುತ್ತಿ ಅದೇ ಕಷ್ಟ ನಮ್ಮ ಕಿವಿಗೇ ಬರುತ್ತದೆ. ಒಂಬತ್ತು ತಿಂಗಳ ಮೇಲೆ ಮತ್ತೆ ಅದೇ ಅಪ್ಪ, ಅದೇ ಕಚೇರಿಯಾಕೆ. ಕಟ್ಟಬೇಕಾದದ್ದು ಐನೂರ ನಲವತ್ತು, ಅವನು ಪ್ರತಿ ತಿಂಗಳೂ ಐನೂರ ನಲವತ್ತೊಂದು ಕಟ್ಟುತ್ತಿದ್ದ. ಫೀಸ್ ಬೇಡವೆಂದರೂ ಕಟ್ಟುತ್ತಿದ್ದಾನೆಂದು ಆಕೆಯ ಅನುಮಾನ.

ಫೀಸಲ್ಲ ಎಂದ. ಮಕ್ಕಳ ಕೈಗೆ ಸೊನ್ನೆಗೆ ಮುಗಿಯುವ ದುಡ್ಡು ಕೊಡಬಾರದು, ಮೇಲೊಂದು ಇಡಬೇಕು, ಇಲ್ಲದಿದ್ದರೆ ಸಂಬಂಧ ಅಲ್ಲಿಗೇ ಮುಗಿದ ಹಾಗೆ. ನಮ್ಮ ಮುಯ್ಯಿ ಕವರಿನ ಶಾಸ್ತ್ರವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು. ಉಡುಗೊರೆಯಾದರೆ ನೇರವಾಗಿ ಮಗುವಿಗೇ ಕೊಡಬಹುದಲ್ಲ ಎಂದಳಾಕೆ.

"ಹೇಗ್ ಕೊಡ್ಲಿ? ಫೋನ್ ಮಾಡಿದ್ರೆ ಅವಳಮ್ಮ ಎತ್ತಲ್ಲ," ಎಂದ. "ಐನೂರ ನಲವತ್ತು ಕಾನೂನು ಕೊಡ್ಸೋದು ಮೇಡಂ. ಆ ಒಂದು ಡಾಲರ್ ಮಾತ್ರ ನಾನು ಕೊಡೋದು."

ಅಯ್ಯೋ ಪಾಪ ಎನ್ನಬೇಕೆನಿಸಿತು. ದುಭಾಷಿಗೆ ಅದಕ್ಕೆ ಅನುಮತಿ ಇಲ್ಲ, ಹಾಗಾಗಿ ಕೆಮ್ಮಿದೆ. ಕೆಮ್ಮಿದ್ದು ಗ್ರಾಹಕರೋ ದುಭಾಷಿಯೋ ಎಂದು ಆಕೆ ಕೇಳಿ ಬರೆದುಕೊಂಡಳು.

೩. ಬ್ರಿಸ್ಬೇನಿನವಳು

ಮರುವಾರ ಅದೇ ಕಚೇರಿಯಾಕೆ ಬ್ರಿಸ್ಬೇನಿನ ತಾಯಿಗೆ ಫೋನ್ ಮಾಡಿದಳು. ನಡುವೆ ಮತ್ತೆ ನಾನೇ. ಹೆಚ್ಚುವರಿ ಒಂಬತ್ತು ಡಾಲರ್ ಬಂದಿದೆ, ಮಗುವಿನ ಲೆಕ್ಕಕ್ಕೆ ಕಳಿಸಲೇ ಎಂದು ಪ್ರಶ್ನೆ. ಯಾಕೆ ಬಂತು ಎಂದಳು ತಾಯಿ. ತಂದೆಯವರು ಹೇಳಿದ್ದನ್ನು ನಾವು ಹೇಳುವಂತಿಲ್ಲ ಎಂದು ಉತ್ತರ.

"ಅಕ್ಕಾ, ನೀವು ನಮ್ ಕಡೆಯವ್ರು. ನಿಮ್ಗಾದ್ರೂ ಗೊತ್ತಿರುತ್ತಲ್ವಾ?" ಎಂದಳು ನನಗೆ.

ಅದನ್ನೂ ಇಂಗ್ಲಿಷಿಗೆ ಹೇಳಬೇಕು, ಹೇಳಿದೆ. ದುಭಾಷಿ ಉತ್ತರಿಸುವಂತಿಲ್ಲ ಎಂದಳು ಕಚೇರಿಯಾಕೆ. ನಾನು ಉತ್ತರಿಸುವಂತಿಲ್ಲ ಎಂಬುದನ್ನು ನಾನೇ ಕನ್ನಡದಲ್ಲಿ ತಿಳಿಸಿದೆ.

ತಿಂಗಳಿಗೆ ಎಷ್ಟೆಷ್ಟು ಬಂತು ಎಂದು ತಾಯಿ ಕೇಳಿದಳು. ಒಂದೊಂದು ಡಾಲರ್ ಎಂದು ಉತ್ತರ. "ಐನೂರ ನಲವತ್ತೊಂದು," ಎಂದಳು, ಬಹಳ ಮೆಲ್ಲಗೆ. ಹಿಂದಿನಿಂದ ಮಗು, ಫೋನಿನಲ್ಲಿ ಯಾರೆಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು.

ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದಳು ಕಚೇರಿಯಾಕೆ.

"ಫೀಸ್ ಅಂತ ಬರ್ಕೊಳ್ಳೋಕೆ ಹೇಳಿ," ಎಂದಳು ತಾಯಿ. "ಅಪ್ಪ ಆಗಿರೋಕೆ ಫೀಸು. ನಿಲ್ಲಿಸ್ಬೇಡಿ ಅಂತ ಅವ್ರಿಗೆ ಹೇಳ್ಲಿ."

ಕಚೇರಿಯಾಕೆ ಟೈಪು ಮಾಡುತ್ತಾ ನಿಲ್ಲಿಸಿ, ಅದಕ್ಕೆ ನಾವು ಫೀಸ್ ತೆಗೆದುಕೊಳ್ಳುವುದಿಲ್ಲ ಎಂದಳು. ಕನ್ನಡಕ್ಕೆ ಹೇಳಿದೆ. ತಾಯಿ ನಕ್ಕಳು, ನಗುನಗುತ್ತಲೇ ಅಳು ಬಂತು. ಅಳುತ್ತಿರುವುದು ಗ್ರಾಹಕರೋ ದುಭಾಷಿಯೋ ಎಂದು ಕಚೇರಿಯಾಕೆ ಕೇಳಿದಳು.

ಇಬ್ಬರೂ ಎಂದು ಬರೆದುಕೊಳ್ಳಿ ಎಂದೆ. ಈ ಕೆಲಸದಲ್ಲಿ ನನ್ನದೆಂದು ಒಂದು ಮಾತು ಸೇರಿಸಿದ್ದು ಅದೊಂದೇ ಸಲ.