ಕೆಂಚಣ್ಣನ ಆರುನೂರು ವ್ಯಾಟ್

ಅಂದು ಬೆಳಿಗ್ಗೆ ಹೊನ್ನಕ್ಕ ತಟ್ಟೆಗೆ ಮುದ್ದೆ ಇಡುತ್ತಾ ಮಳೆಯ ಮಾತು ಎತ್ತದೇ ಹೋಗಿದ್ದರೆ, ಅವಳ ಗಂಡ ಕೆಂಚಣ್ಣ ಹಿಟ್ಟಿನ ಗಿರಣಿಗೆ ಬೀಗ ಜಡಿದು ಚಳ್ಳಕೆರೆ ಬಸ್ಸು ಹತ್ತುತ್ತಲೇ ಇರಲಿಲ್ಲ.

"ನಿನ್ನೆ ರಾಜಣ್ಣನ ಮನೇಲಿ ಸಿನಿಮಾ ಹಾಕಿದ್ರು. ಮಳೆ ಸೀನ್ ಬಂತು ನೋಡ್ರಿ, ನನ್ನ ಬೆನ್ನ ಹಿಂದೇನೇ ಹನಿ ಬಿದ್ದಂಗಾತು. ಸೆರಗು ತಲೆ ಮ್ಯಾಲೆ ಹೊದ್ಕೊಂಡುಬಿಟ್ಟೆ!" ಎಂದು ಹೊನ್ನಕ್ಕ ನಕ್ಕಳು.

ಕೆಂಚಣ್ಣ ಮುರಿದ ಮುದ್ದೆಯನ್ನು ಮತ್ತೆ ತಟ್ಟೆಗೇ ಹಾಕಿದ. ಮೊಳಕಾಲ್ಮೂರಿಗೆ ಬಾರದ ಮಳೆ ರಾಜಣ್ಣನ ಮನೆಯೊಳಗೆ ಸುರಿಯುತ್ತಿದೆ, ಅದೂ ತನ್ನ ಹೆಂಡತಿಯ ಬೆನ್ನ ಹಿಂದೆ! ಇದನ್ನು ಯಾವ ಗಂಡಸು ಸಹಿಸುತ್ತಾನೆ?

ರಾಜಣ್ಣ ಎದುರು ಮನೆಯವನು, ರೇಷ್ಮೆ ಸೀರೆ ನೇಯುವವನು. ಆರು ತಿಂಗಳ ಹಿಂದೆ ಟೀವಿಗೊಂದು ಕಂಪ್ಯೂಟರ್ ಜೋಡಿಸಿ, ಮಗ್ಗದ ಕೋಣೆಯ ಸುತ್ತ ಸ್ಪೀಕರ್ ನೇತು ಹಾಕಿ, ಬೀದಿಗೆ ಬೀದಿಯನ್ನೇ ತನ್ನ ಮನೆಗೆ ಎಳೆದುಕೊಂಡಿದ್ದ. ಅದಕ್ಕೂ ಮುಂಚೆ ಬೀದಿಯ ಜನವೆಲ್ಲ ಸೇರುತ್ತಿದ್ದುದು ಕೆಂಚಣ್ಣನ ಗಿರಣಿ ಜಗಲಿಯಲ್ಲಿ. ರಾಗಿ ಡಬ್ಬ ಸಾಲಿಗಿಟ್ಟು, ಸರದಿ ಬರುವ ತನಕ ಊರ ಸುದ್ದಿಯೆಲ್ಲ ಅರೆಯುತ್ತಿದ್ದರು. ಯಾವ ಮಾತಿಗೂ ಕೊನೆಯ ತೀರ್ಪು ಕೆಂಚಣ್ಣನದೇ. ಅವನು ಹೇಳಿದ್ದಕ್ಕೆ ನಗುವವರಿದ್ದರು, ಹೌದೌದು ಎನ್ನುವವರಿದ್ದರು. ಈಗ ಡಬ್ಬಗಳು ಮಾತ್ರ ಸಾಲಿನಲ್ಲಿರುತ್ತವೆ, ಜನ ಎದುರು ಮನೆಯಲ್ಲಿರುತ್ತಾರೆ. ಡಬ್ಬಗಳಿಗೆ ಎಷ್ಟು ಹೊತ್ತು ಕತೆ ಹೇಳುವುದು? ಹೊಟ್ಟೆಕಿಚ್ಚು ಎಂದರೆ ಕೆಂಚಣ್ಣ ಜಗಳಕ್ಕೇ ಬರುತ್ತಿದ್ದ. ಆದರೂ ಅದು ಅಪ್ಪಟ ಹೊಟ್ಟೆಕಿಚ್ಚೇ.

"ಇವತ್ತು ಸಂಜಿಗೆ ಬೀದಿ ಜನ ನಮ್ಮನೇಲಿ ಕೂತಿರಬೇಕು. ಇಲ್ಲಾಂದ್ರೆ ನನ್ನ ಹೆಸ್ರು ಕೆಂಚಣ್ಣ ಅಲ್ಲ" ಎಂದು ಕೈ ತೊಳೆದು ಎದ್ದ.

ಗುಟ್ಟಾಗಿ ಹೋಗಿ ಬರಬೇಕೆಂದು ಬಸ್‌ಸ್ಟ್ಯಾಂಡಿಗೆ ಬಂದರೆ ಪಕ್ಕದ ಮನೆ ಮುದ್ದಪ್ಪ ಎದುರಾಗಿ ಬಾಯಿ ಬಿಡಿಸಿಯೇ ಬಿಟ್ಟ. ಮುದ್ದಪ್ಪನ ಕಿವಿಗೆ ಬಿದ್ದದ್ದು ಬೀದಿಗೆಲ್ಲ ಬಿದ್ದಂತೆ. ಬಸ್ಸು ಹೊರಡುವಷ್ಟರಲ್ಲಿ ರಾಜಣ್ಣನೇ ಏದುಸಿರು ಬಿಡುತ್ತಾ ಓಡಿ ಬಂದು ಪಕ್ಕದ ಸೀಟಿನಲ್ಲಿ ಕುಳಿತ.

"ಏನ್ಲೇ ಕೆಂಚಣ್ಣ, ಕಂಪ್ಯೂಟರ್ ತರಾಕೆ ಹೊಂಟಿದೀಯಂತೆ? ನಂಗೊಂದು ಮಾತು ಹೇಳಬಾರ್ದಾ? ಅದರಾಗೆ ಮೋಸ ಜಾಸ್ತಿ. ನಡಿ, ನಾನೂ ಬರ್ತೀನಿ."

ಇವನಿಗೇಕೆ ಇಷ್ಟು ಕಾಳಜಿ ಎಂದು ಕೆಂಚಣ್ಣ ಬಿ.ಜಿ. ಕೆರೆ ದಾಟುವವರೆಗೂ ಯೋಚಿಸಿದ. ಕೊನೆಗೆ ಹೊಳೆಯಿತು. ತನಗಿಂತ ಒಳ್ಳೆಯದನ್ನು ಕೊಳ್ಳದ ಹಾಗೆ ಕಾವಲಿಗೆ ಬರುತ್ತಿದ್ದಾನೆ, ಕಳ್ಳ!

ಚಳ್ಳಕೆರೆಯ ಅಂಗಡಿಯಲ್ಲಿ ಓಬಳೇಶ್ ಎಂಬವನು ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾಡಿಕೊಡುತ್ತಿದ್ದ. "ಎಂಥದ್ದು ಬೇಕಣ್ಣ? ಲೆಕ್ಕಪತ್ರಕ್ಕಾ, ಸಿನಿಮಾ ನೋಡಾಕಾ?" ಎಂದು ಕೇಳಿದ.

"ಇವನದಕ್ಕಿಂತ ಜಾಸ್ತಿ ಇರೋದು" ಎಂದು ಕೆಂಚಣ್ಣ ರಾಜಣ್ಣನನ್ನು ತೋರಿಸಿದ.

ಅಲ್ಲಿಂದ ಶುರುವಾಯಿತು. ಹಾರ್ಡ್‌ಡಿಸ್ಕ್ ಸಣ್ಣದು ಸಾಕೆಂದ ರಾಜಣ್ಣ, ಕೆಂಚಣ್ಣ ದೊಡ್ಡದನ್ನೇ ತೆಗೆಸಿದ. ಸೌಂಡ್ ಕಾರ್ಡ್ ಸಾಧಾರಣದ್ದು ನಡೆಯುತ್ತದೆಂದ ರಾಜಣ್ಣ, ಕೆಂಚಣ್ಣ ಗಾಜಿನ ಕಪಾಟಿನೊಳಗಿದ್ದುದಕ್ಕೆ ಬೆರಳು ತೋರಿಸಿದ. ಪವರ್ ಸಪ್ಲೈ ಡಬ್ಬಿಯ ಸರದಿ ಬಂದಾಗ ರಾಜಣ್ಣ ಕೈ ಮುಗಿದೇ ಬಿಟ್ಟ.

"ಲೇ, ಇದಕ್ಕೆ ಮುನ್ನೂರು ವ್ಯಾಟ್ ಬೇಕಾದಷ್ಟಾತು ಕಣಲೇ."

"ನಿಂದು ಎಷ್ಟು?"

"ನಂದೂ ಮುನ್ನೂರೇ."

"ಓಬಳೇಶಪ್ಪ, ನಂಗೆ ಆರುನೂರು ಕೊಡು."

ಓಬಳೇಶ್ ತಲೆ ಕೆರೆದುಕೊಂಡ. "ಅಣ್ಣ, ಅದಕ್ಕೂ ಸೌಂಡಿಗೂ ಸಂಬಂಧ ಇಲ್ಲ. ಒಳಗಿನ ಸಾಮಾನಿಗೆ ಕರೆಂಟು ಹಂಚೋದಷ್ಟೇ ಅದರ ಕೆಲಸ."

"ನಂಗೆ ಹೇಳಾಕೆ ಬರಬ್ಯಾಡ. ಐದು ಹೆಚ್.ಪಿ. ಮೋಟ್ರು ಬೀಸೋದಕ್ಕೂ ಹತ್ತು ಹೆಚ್.ಪಿ. ಬೀಸೋದಕ್ಕೂ ವ್ಯತ್ಯಾಸ ಐತಾ ಇಲ್ವಾ? ನಾನು ಮೀಸೆ ಮೂಡೋಕೆ ಮುಂಚಿಂದ ಗಿರಣಿ ಓಡಿಸ್ತಿದೀನಿ."

ಗಿರಾಕಿಯ ಮುಖ ನೋಡಿ ಓಬಳೇಶ್ ದಾರಿಗೆ ಬಂದ. ಆರುನೂರರಲ್ಲೇ ಎರಡು ಡಬ್ಬಿ ತಂದಿಟ್ಟ. "ಇದನ್ನ ತಗೊಳ್ರಿ. ಇದರ ಫ್ಯಾನು ಸದ್ದೇ ಮಾಡಲ್ಲ. ಸಿನಿಮಾ ನೋಡೋರಿಗೆ ಇದೇ ಬೇಕು" ಎಂದು ಒಂದನ್ನು ಓಡಿಸಿ ತೋರಿಸಿದ.

ಕೆಂಚಣ್ಣ ಕಿವಿಯಿಟ್ಟು ಆಲಿಸಿದ. ಏನೂ ಕೇಳಿಸಲಿಲ್ಲ. ಇನ್ನೊಂದನ್ನು ಓಡಿಸಿದಾಗ ಅದು ಗುರ್ರೆಂದು ಶಬ್ದ ಮಾಡಿತು. ಅವನ ಮುಖ ಅರಳಿತು. "ಸದ್ದು ಮಾಡ್ದಿರೋ ಮೋಟ್ರು ಕೆಲಸ ಮಾಡ್ತೈತೆ ಅಂತ ಹೆಂಗಯ್ಯ ನಂಬಾದು? ಇದನ್ನೇ ಹಾಕು."

ರಾಜಣ್ಣ ಗೋಡೆ ಕಡೆ ತಿರುಗಿ ಕೆಮ್ಮಿದ. ಸಂಕಟಕ್ಕೆ ಕೆಮ್ಮುತ್ತಿದ್ದಾನೆಂದು ಕೆಂಚಣ್ಣನಿಗೆ ಜೀವ ತಂಪಾಯಿತು.

ಮಧ್ಯಾಹ್ನದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆಗೆ ಸೀಟು ಸಿಕ್ಕಿತು, ಕೆಂಚಣ್ಣನಿಗೆ ಸಿಗಲಿಲ್ಲ. ಸ್ಪೀಕರುಗಳ ಜೊತೆ ಕೊಂಡಿದ್ದ ವೂಫರಿನ ಡಬ್ಬವನ್ನು ಕಾಲ ಬಳಿ ಇಟ್ಟುಕೊಂಡಿದ್ದರೆ, ಒಬ್ಬ ಮುದುಕಿ ಬಂದು ಅದರ ಮೇಲೆ ಸೊಗಸಾಗಿ ಕುಳಿತಳು.

"ಅವ್ವ, ಅದು ಸ್ಪೀಕರ್ ಕಣವ್ವ!"

"ಗಟ್ಟಿ ಐತೆ ಬಿಡಪ್ಪ" ಎಂದು ಅವಳು ಎಲೆ ಅಡಿಕೆ ಬಿಚ್ಚಿದಳು. ಮೊಳಕಾಲ್ಮೂರು ಬರುವವರೆಗೂ ಏಳಲಿಲ್ಲ.

ಮನೆಗೆ ಬಂದ ಮೇಲೆ ಟೀವಿಗೆ ವೈರೆಲ್ಲ ಜೋಡಿಸಿಕೊಟ್ಟವನೂ ರಾಜಣ್ಣನೇ. ಎಷ್ಟು ಉರಿಯುತ್ತಿರಬೇಡ ಇವನಿಗೆ ಎಂದು ಕೆಂಚಣ್ಣ ಒಳಗೊಳಗೇ ಹಿಗ್ಗಿದ. ಕೆಲಸ ಮುಗಿಸಿ ರಾಜಣ್ಣ ಸದ್ದಿಲ್ಲದೆ ತನ್ನ ಮನೆಗೆ ಹೋದ. ದೀಪ ಹಚ್ಚುವ ಹೊತ್ತಿಗೆ ಮುದ್ದಪ್ಪ ಬೀದಿಗೆಲ್ಲ ಸಾರಿಬಿಟ್ಟಿದ್ದ. ಗಿರಣಿಯ ಹಿಂದಿನ ನಡುಮನೆ ಕಿಕ್ಕಿರಿದು ತುಂಬಿತು. ಕಿಟಕಿಯಲ್ಲಿ ತಲೆಗಳು, ಹೊಸಿಲ ಮೇಲೆ ತಲೆಗಳು. ಹೊನ್ನಕ್ಕ ಚಾಪೆ ಸಾಲದೆ ಗೋಣಿಚೀಲ ಹಾಸಿದಳು. ಕೆಂಚಣ್ಣನ ಕಣ್ಣು ತುಂಬಿ ಬಂತು.

ಸ್ವಿಚ್ ಒತ್ತಿದ ಕೂಡಲೇ ಪವರ್ ಸಪ್ಲೈ ಫ್ಯಾನು ಗುರ್ರೆಂದಿತು.

"ಕೆಂಚಣ್ಣ, ಗಿರಣಿ ಆಫ್ ಮಾಡಪ್ಪ. ಏನೂ ಕೇಳಾಕಿಲ್ಲ" ಎಂದ ಮುದ್ದಪ್ಪ.

"ಗಿರಣಿ ಆಫೇ ಐತೆ!"

ಫ್ಯಾನಿನ ಸದ್ದು ಅಡಗಿಸಲು ಕೆಂಚಣ್ಣ ಸಿನಿಮಾದ ಸದ್ದು ಏರಿಸಿದ. ಅಷ್ಟರಲ್ಲಿ ತೆರೆಯ ಮೇಲೆ ಬಾಂಬು ಸಿಡಿಯಿತು. ವೂಫರ್ ಢಂ ಎಂದದ್ದೇ ತಡ, ಅಪ್ಪನ ಕಾಲದಿಂದ ಜಂತೆಗಳ ಮೇಲೆ ಕುಳಿತಿದ್ದ ಹಿಟ್ಟಿನ ಧೂಳೆಲ್ಲ ಒಮ್ಮೆಗೇ ಕೆಳಗಿಳಿಯಿತು. ಬೀದಿಗೆ ಬೀದಿಯೇ ಬೆಳ್ಳಗಾಯಿತು. ಹಿಟ್ಟು ಮೆತ್ತಿ ಮೀಸೆ ಹಣ್ಣಾದ ಮುದ್ದಪ್ಪನನ್ನು ಅವನ ಹೆಂಡತಿಯೇ ಗುರುತು ಹಿಡಿಯಲಿಲ್ಲ.

ಎಲ್ಲರೂ ಎದ್ದು ಹೋಗುತ್ತಾರೆಂದೇ ಕೆಂಚಣ್ಣ ಅಂದುಕೊಂಡ. ಯಾರೂ ಏಳಲಿಲ್ಲ. "ಹೊಗೆ ನಮ್ಮ ತನಕ ಬಂದಂಗಾತು! ರಾಜಣ್ಣನ ಮನೇಲಿ ಇದಿಲ್ಲ ಬಿಡ್ರಪ್ಪ" ಎಂದು ತಲೆ ಕೊಡವಿಕೊಂಡು ಮತ್ತೆ ಕುಳಿತರು.

ಗೆದ್ದೆ ಎಂದುಕೊಂಡ ಕೆಂಚಣ್ಣ. ಎಷ್ಟೋ ದಿನದ ಮೇಲೆ ಜನ ಸಿಕ್ಕಿದ್ದಾರೆ. ಗಂಟಲು ಸರಿಮಾಡಿಕೊಂಡು, "ಈ ಖಳನಾಯಕ ಇದಾನಲ್ಲ, ಥೇಟ್ ನಮ್ಮ ಹಳೇ ಬಿಲ್ ಕಲೆಕ್ಟರ್ ಥರ. ಒಂದ್ಸಾರಿ ಏನಾತು ಅಂದ್ರೆ..." ಎಂದು ಶುರು ಮಾಡಿದ.

"ಶ್!" ಎಂದಿತು ಇಡೀ ಮನೆ.

"ಒಂದ್ನಿಮಿಷ ಕೇಳ್ರಿ, ಅವನು..."

"ಕೆಂಚಣ್ಣ, ಬಾಯಿ ಮುಚ್ಚಪ್ಪ. ಇಲ್ಲಾ ಹೊರಗೆ ಹೋಗು" ಎಂದ ಮುದ್ದಪ್ಪ, ಕೆಂಚಣ್ಣನದೇ ದಿಂಬಿಗೆ ಒರಗಿಕೊಂಡು.

ಕೆಂಚಣ್ಣ ಕಾಲುಗಳನ್ನು ದಾಟಿಕೊಂಡು ಬೀದಿಗೆ ಬಂದ. ಎದುರಿನ ಜಗಲಿಯ ಮೇಲೆ ರಾಜಣ್ಣ ಬನಿಯನ್ನಿನಲ್ಲಿ ಕಾಲು ಚಾಚಿ ಕುಳಿತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಸರಿತಾ ಕಡ್ಲೆಕಾಯಿ ಬಿಡಿಸಿ ಅವನ ಕೈಗೆ ಕೊಡುತ್ತಿದ್ದಳು.

"ಬಾರಲೇ, ಕುಂತ್ಕ. ಆರು ತಿಂಗಳಾದ ಮ್ಯಾಲೆ ಇವತ್ತು ನಮ್ಮನೆ ನಮಗೆ ಸಿಕ್ತು" ಎಂದ ರಾಜಣ್ಣ. "ಮಗ್ಗದ ಕೋಣೆ ತುಂಬ ಜನ ಇದ್ರೆ ಸೀರೆ ನೇಯೋದೆಂಗೆ? ಬರಬ್ಯಾಡ್ರಿ ಅನ್ನಾಕೆ ಬಾಯಿ ಬರುತ್ತಾ? ಬೆಳಗೆದ್ರೆ ಅವರ ಮುಖಾನೇ ನೋಡಬೇಕಲ್ಲ. ದೇವರಂಗೆ ನೀನು ಸಿಕ್ಕಿದೆ."

"ಮತ್ತೆ ಮುನ್ನೂರು ಸಾಕು, ಮುನ್ನೂರು ಸಾಕು ಅಂತ ಯಾಕೆ ಕೈ ಮುಗಿದೆ?"

"ಆರುನೂರು ತಗೋ ಅಂದಿದ್ರೆ ನೀನು ತಗೊಂತಿದ್ಯಾ?"

ಕೆಂಚಣ್ಣ ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡ. ಆಮೇಲೆ ಮೆತ್ತಗೆ, "ಹಂಗಾರೆ ಒಂದಿನ ನಮ್ಮನೇಲಿ, ಒಂದಿನ ನಿಮ್ಮನೇಲಿ ಹಾಕಾಣ ಕಣೋ" ಎಂದ.

"ನಮ್ಮ ಕಂಪ್ಯೂಟರ್ ಎಲ್ಲೈತಪ್ಪ? ಈಗ ತಾನೆ ಕೊಂಡ್ಲಹಳ್ಳಿ ಬಾಮೈದ ಬಂದು ಆಟೋದಾಗೆ ಹಾಕ್ಕೊಂಡು ಹೋದ."

ಸರಿತಾ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ರಾಜಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ಹಿಂದಿನಿಂದ ಹೊನ್ನಕ್ಕನ ದನಿ ಬಂತು: "ಏನ್ರೀ, ನಿಮ್ಮ ಮಾತು ಒಳಗೆಲ್ಲ ಕೇಳ್ತೈತೆ. ಬಾಗ್ಲು ಎಳ್ಕಳ್ರಿ!"

ಕೆಂಚಣ್ಣ ತನ್ನ ಮನೆಯ ಬಾಗಿಲನ್ನು ತಾನೇ ಹೊರಗಿನಿಂದ ಎಳೆದುಕೊಂಡ. ಎದುರು ಜಗಲಿಯಲ್ಲಿ ಗಂಡ ಹೆಂಡತಿ ಇನ್ನೂ ನಗುತ್ತಲೇ ಇದ್ದರು. ತಣ್ಣನೆ ಗಾಳಿ, ಸದ್ದಿಲ್ಲದ ಮನೆ, ಮಾತು ಕೇಳುವ ಹೆಂಡತಿ. ಎಲ್ಲ ಒಳ್ಳೆಯದೂ ಈ ರಾಜಣ್ಣನಿಗೇ ಯಾಕೆ ಸಿಗುತ್ತದೆ ಎಂದು ಕೆಂಚಣ್ಣನ ಹೊಟ್ಟೆ ಬೆಳಗಿನದಕ್ಕಿಂತ ಜೋರಾಗಿ ಉರಿಯತೊಡಗಿತು.