ಚೆಲುವಯ್ಯನ ಕೊನೇ ಲಾಟು

ಇಮಾಮ್ ಸಾಬರು ಟವೆಲ್ ಹಾಸಿದ್ದೇ ಎಲ್ಲಕ್ಕೂ ಮೂಲ.

ಚನ್ನಪಟ್ಟಣದ ರೇಷ್ಮೆ ಬೆಳೆಗಾರರ ಸಂಘದಲ್ಲಿ, ಒಬ್ಬೊಬ್ಬ ರೈತ ತಂದ ಗೂಡಿನ ಲಾಟುಗಳನ್ನು ಅಂದು ಮೊದಲ ಸಲ ಕಂಪ್ಯೂಟರಿಗೆ ಹಾಕುತ್ತಿದ್ದರು. ರೇಷ್ಮೆಗೆ ಸುಗ್ಗಿಯೋ ಸುಗ್ಗಿ ಎನ್ನುವಂಥ ವರ್ಷಗಳು. ವಿರೂಪಾಕ್ಷಿಪುರದ ಬಸ್ಸಿನಲ್ಲಿ ಮನುಷ್ಯರಿಗಿಂತ ಗೂಡಿನ ಮೂಟೆಗಳಿಗೇ ಮೊದಲು ಸೀಟು ಸಿಗುತ್ತಿತ್ತು. ಹನ್ನೆರಡು ವರ್ಷ ತಕ್ಕಡಿ ಹಿಡಿದಿದ್ದ ಚೆಲುವಯ್ಯ, ಆರು ತಿಂಗಳು ಭಾನುವಾರ ಭಾನುವಾರ ಬೆಂಗಳೂರಿಗೆ ಹೋಗಿ ಕಂಪ್ಯೂಟರಿನ ಸಿ ಭಾಷೆ ಕಲಿತು, ತಾನೇ ಪ್ರೋಗ್ರಾಮ್ ಬರೆದು, ಕುರ್ಚಿ ಹತ್ತಿದ್ದ. ಸಂಜೆ ನಾಲ್ಕಕ್ಕೆ ಮೇಲಿನ ಕಚೇರಿಯ ಅಂಬುಜಮ್ಮನವರು ಬರುತ್ತಾರೆಂದು ಕಾಗದ ಬಂದಿತ್ತು. ಕಂಪ್ಯೂಟರ್ ನೋಡುವುದಕ್ಕಲ್ಲದೆ ಇನ್ನೇತಕ್ಕೆ ಬರುತ್ತಾರೆ? ಅವರು ಮೆಚ್ಚಿದರೆ ಕುರ್ಚಿ ಖಾಯಂ, ಇಲ್ಲವಾದರೆ ಮತ್ತೆ ತಕ್ಕಡಿ ಎಂದು ಕಾರ್ಯದರ್ಶಿ ಬೋರಲಿಂಗಯ್ಯ ಬೆಳಿಗ್ಗೆಯೇ ಹೇಳಿದ್ದರು. ಕಂಪ್ಯೂಟರ್ ಎಂದೂ ತಪ್ಪು ಮಾಡುವುದಿಲ್ಲ ಎಂದು ಚೆಲುವಯ್ಯ ಊರೆಲ್ಲ ಸಾರಿಕೊಂಡು ಬಂದಿದ್ದ. ತೂಕ ಬರೆಯುತ್ತಿದ್ದ ಹಳೇ ರಿಜಿಸ್ಟರನ್ನು ಬೀರುವಿಗೆ ಹಾಕಿ ಬೀಗ ಹಾಕಿಸಿದವನೂ ಅವನೇ.

ಪಾಸ್‌ಬುಕ್ ನಂಬರು, ತೂಕ, ಎಂಟರ್. ಆಮೇಲೆ ಯಂತ್ರ ಮುಂದಿನ ಲಾಟಿಗೆ ಕಾಯುತ್ತ ಕೂರುವುದು. ದಿನದ ಕೊನೆಗೆ ಸೊನ್ನೆ ಒತ್ತಿದರೆ ಪಟ್ಟಿಯೆಲ್ಲ ಉಳಿದು ಪ್ರೋಗ್ರಾಮ್ ಮುಗಿಯುವುದು. ನಲವತ್ತೊಂದು ಲಾಟು ಸರಾಗವಾಗಿ ಹೋದವು. ಆಗ ಗೂಡು ಕೊಳ್ಳಲು ಬಂದಿದ್ದ ನೂಲು ಬಿಚ್ಚಾಣಿಕೆಯ ಇಮಾಮ್ ಸಾಬರು ರೈತ ಕಾಳಯ್ಯನನ್ನು ಕರೆದುಕೊಂಡು ಒಳಗೆ ಬಂದರು. ದನದ ಸಂತೆಯಲ್ಲಿ ಪಳಗಿದ ಮುದುಕ, ಟವೆಲ್ ಅಡಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳದೆ ವ್ಯಾಪಾರ ಕುದುರಿಸಿದವರಲ್ಲ. ಟವೆಲ್ ಹಾಸಲು ಬೇರೆ ಜಾಗವಿಲ್ಲದೆ ಕೀಬೋರ್ಡಿನ ಮೇಲೆಯೇ ಹಾಸಿ, ಅದರಡಿಯಲ್ಲಿ ಕಾಳಯ್ಯನ ಬೆರಳು ಹಿಡಿದರು. ಒಬ್ಬರ ಮುಂಗೈ ಕಂಟ್ರೋಲ್ ಕೀಲಿಯ ಮೇಲೆ, ಇನ್ನೊಬ್ಬರ ಹೆಬ್ಬೆರಳು ಸಿ ಮೇಲೆ. ಅವೆರಡನ್ನೂ ಒಟ್ಟಿಗೆ ಒತ್ತಿದರೆ ಮಾಡುತ್ತಿರುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸು ಎಂದು ಅರ್ಥ. ಪ್ರೋಗ್ರಾಮ್ ನಿಂತೇ ಹೋಯಿತು. ಜೊತೆಗೆ ನಲವತ್ತೊಂದು ಲಾಟುಗಳೂ ಹೋದವು.

ಮೂಟೆಗಳನ್ನೆಲ್ಲ ಮತ್ತೆ ತೂಗಬೇಕಾಯಿತು. ಕಾಳಯ್ಯ ತನ್ನ ಮೂಟೆ ಹೊತ್ತುಕೊಂಡು ಬಂದು, "ನಿನ್ ಡಬ್ಬಕ್ಕಿಂತ ನಮ್ಮೆಮ್ಮೆ ವಾಸಿ ಕಣ್ಲಾ. ಒಂದ್ಸಲ ಕರ್ದಿದ್ದ ಹಾಲ ವಾಪಸ್ ಕುಡಿಯಕಿಲ್ಲ" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಚೆಲುವಯ್ಯನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವನು ಅಲ್ಲೇ ಕೂತು ಪ್ರೋಗ್ರಾಮ್ ತಿದ್ದಿದ. ನಿಲ್ಲಿಸು ಎಂಬ ಸೂಚನೆ ಬಂದ ಕ್ಷಣವೇ ಕೈಲಿದ್ದುದನ್ನೆಲ್ಲ ಬಿಟ್ಟು ಮೊದಲು ಪಟ್ಟಿ ಉಳಿಸು ಎಂದು ಬರೆದ. ಇದು ಸರಿಹೋಗಿದೆಯೇ ನೋಡೋಣವೆಂದು ಬೋರಲಿಂಗಯ್ಯನವರು ತಾವಾಗಿಯೇ ಬಂದು ಆ ಎರಡು ಕೀಲಿ ಒತ್ತಿದರು. ಒತ್ತಿದ್ದು, ಯಂತ್ರ ಒಂದು ಲಾಟನ್ನು ಪಟ್ಟಿಗೆ ಸೇರಿಸುತ್ತಿದ್ದ ನಟ್ಟನಡುವೆ. ಒಬ್ಬರು ಸೊಪ್ಪು ಹೆಚ್ಚುತ್ತಿರುವಾಗ ಇನ್ನೊಬ್ಬರು ಅದೇ ಈಳಿಗೆಮಣೆಗೆ ಕೂತಂತಾಯಿತು. ಕಾಳಯ್ಯನ ಗೂಡೆಲ್ಲ ಕುದೂರಿನ ಶಿವಲಿಂಗಮ್ಮನ ಹೆಸರಿಗೆ ಬಂದು ಕೂತಿತು. ಒಬ್ಬೊಬ್ಬರನ್ನೇ ಕೇಳಿ ಸರಿಮಾಡುವ ಹೊತ್ತಿಗೆ ಊಟದ ವೇಳೆ ಮೀರಿತ್ತು, ಚೆಲುವಯ್ಯನಿಗೆ ಯಾರ ಮುಖವನ್ನೂ ನೋಡುವ ಧೈರ್ಯ ಉಳಿದಿರಲಿಲ್ಲ.

ಮೂವತ್ತು ವರ್ಷ ಹುಳ ಸಾಕಿದ್ದ ಶಿವಲಿಂಗಮ್ಮ ಮಾತ್ರ ಕನಿಕರದಿಂದ ಏನಾಯಿತೆಂದು ಕೇಳಿದಳು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ.

"ಅಲ್ಲ ಕಣಪ್ಪ, ಹುಳ ಜ್ವರಕ್ಕೆ ಕೂತಿರೋವಾಗ ಸೊಪ್ಪು ಹಾಕ್ತೀವಾ? ಪೊರೆ ಬುಡ್ತಾ ಇರ್ತವೆ, ಮುಟ್ಟಬಾರ್ದು. ಸೊಪ್ಪು ಬಂದೈತೆ ಅಂತ ಮನ್ಸಲ್ಲಿ ಇಟ್ಕಂಡು ಸುಮ್ಕಿರ್ತೀವಿ. ಎದ್ದ ಮ್ಯಾಲೆ ಹಾಕಾದು."

ಚೆಲುವಯ್ಯನಿಗೆ ಆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು. ನಿಲ್ಲಿಸು ಎಂಬ ಸೂಚನೆ ಬಂದರೆ ಒಳಗೊಂದು ಗುರುತು ಹಾಕಿಕೋ, ಬೇರೇನೂ ಮಾಡಬೇಡ, ಮುಂದಿನ ಲಾಟಿಗೆ ಕಾಯುತ್ತಲೇ ಇರು. ಆ ಲಾಟು ಪೂರ್ತಿ ಒಳಗೆ ಬಂದ ಮೇಲೆ ಗುರುತು ನೋಡು, ಇದ್ದರೆ ಪಟ್ಟಿ ಉಳಿಸಿ ಮುಗಿಸು ಎಂದು ಬರೆದ. ಎರಡು ಕೀಲಿ ಒತ್ತಿ, ಶಿವಲಿಂಗಮ್ಮನ ಲಾಟನ್ನೇ ಹಾಕಿ ನೋಡಿದ. ಪಟ್ಟಿ ಒಂದು ಅಕ್ಷರವೂ ಹಾಳಾಗದೆ ಉಳಿದು, ಪ್ರೋಗ್ರಾಮ್ ಮರ್ಯಾದೆಯಿಂದ ಮುಗಿಯಿತು.

ಅಲ್ಲಿಗೇ ಬಿಡಬಹುದಿತ್ತು. ಆದರೆ ಬೆಳಗಿನಿಂದ ಪಟ್ಟ ಅವಮಾನ ಅವನನ್ನು ಬಿಡಲಿಲ್ಲ. ಯಾರಾದರೂ ಸೊನ್ನೆ ಒತ್ತಿಬಿಟ್ಟರೆ? ಸೊನ್ನೆಯನ್ನೂ ತೆಗೆದುಹಾಕಿದ. ಸಂಘದಲ್ಲಿಲ್ಲದ ನಂಬರು, ತೂಕವಿಲ್ಲದ ಲಾಟು ಯಾವುದನ್ನೂ ಒಳಗೆ ಬಿಡದಂತೆ ಮಾಡಿ, ಹೊಸದಾಗಿ ಶುರುಮಾಡಿದ.

ಅಂಬುಜಮ್ಮನವರು ಹೇಳಿದ ಹೊತ್ತಿಗೆ ಬಂದು ಪಕ್ಕದಲ್ಲಿ ಕೂತರು. ಅವರ ಕಣ್ಣು ಪರದೆಗಿಂತ ಅಂಗಳದ ಮೇಲೇ ಹೆಚ್ಚು ಇದ್ದುದು ಕಂಡು ಅವನಿಗೆ ಕೊಂಚ ಬೇಸರವಾಯಿತು. ಮುಕ್ಕಾಲು ಗಂಟೆಯಲ್ಲಿ ಕೊನೇ ರೈತನೂ ಬಸ್ಸಿಗೆ ಓಡಿದ. ಊಟದ ನಂತರ ಒಟ್ಟು ಅರವತ್ತಮೂರು ಲಾಟು. ದಿನಾ ಐದಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು. "ಈಗ ಮುಗಿಸ್ತೀನಿ ನೋಡಿ ಮೇಡಂ" ಎಂದು ಚೆಲುವಯ್ಯ ಗತ್ತಿನಿಂದ ಎರಡು ಕೀಲಿ ಒತ್ತಿದ.

ಏನೂ ಆಗಲಿಲ್ಲ. ಮತ್ತೆ ಒತ್ತಿದ. ಸೊನ್ನೆ ಹಾಕಿದ, ತಪ್ಪು ನಂಬರು ಎಂದಿತು. ಬರೀ ಎಂಟರ್ ಒತ್ತಿದ. ತಪ್ಪು ನಂಬರು ಎಂದಿತು. ಆಗ ಅವನಿಗೆ ಅರ್ಥವಾಯಿತು.

"ಯಾಕಯ್ಯಾ, ಕೇಳಿಸ್ಲಿಲ್ವಾ ಅದಕ್ಕೆ?" ಎಂದರು ಬೋರಲಿಂಗಯ್ಯ.

"ಕೇಳಿಸ್ಕಂಡೈತೆ ಸಾರ್. ಇನ್ನೊಂದು ಲಾಟು ಕೊಟ್ರೆ ಮುಗೀತದೆ."

"ಲಾಟು ಎಲ್ಲೈತೆ? ಜನ ಎಲ್ಲಾ ಹೊಂಟೋದ್ರಲ್ಲ."

ಐದಕ್ಕೆ ಏಳು ನಿಮಿಷವಿತ್ತು. ಬಿಚ್ಚಾಣಿಕೆಯವರು ಗೂಡು ಹೊತ್ತುಕೊಂಡು ಹೋಗಿಯಾಗಿತ್ತು, ಮತ್ತೆ ತೂಗುವಂತಿರಲಿಲ್ಲ. ಕರೆಂಟು ಹೋದರೆ ಅರವತ್ತಮೂರು ಮನೆಗಳ ಬೆಳೆಗೆ ಲೆಕ್ಕವೇ ಇಲ್ಲ, ಕುರ್ಚಿಯಂತೂ ಇಲ್ಲವೇ ಇಲ್ಲ. ಬೇರೆಯವರ ನಂಬರಿಗೆ ಇಲ್ಲದ ಗೂಡು ಬರೆಯಲು ಅವನ ಮನಸ್ಸು ಒಪ್ಪಲಿಲ್ಲ. ಬಾಯಿಪಾಠ ಬರುತ್ತಿದ್ದುದು, ತಾನೂ ಸಂಘದ ಸದಸ್ಯೆಯಾಗಿದ್ದ ಹೆಂಡತಿ ಚಿಕ್ಕಲಕ್ಷ್ಮಮ್ಮನ ನಂಬರು ಒಂದೇ. ತೂಕವಾದರೂ ನಿಜವಿರಲಿ ಎಂದು ಅವನು ಅಧಿಕಾರಿಯ ಎದುರಿಗೇ ನಾಚಿಕೆ ಬಿಟ್ಟು ತಕ್ಕಡಿಯ ಬಳಿ ಅಂಬೆಗಾಲಿಟ್ಟ. ತಕ್ಕಡಿಯಿಂದ ಉದುರಿದ ಗೂಡು ಉರುಳಿ ಎಲ್ಲಿ ಸೇರುತ್ತದೆಂದು ಹನ್ನೆರಡು ವರ್ಷದ ಅನುಭವಕ್ಕೆ ಗೊತ್ತಿತ್ತು. ನೇರವಾಗಿ ಗೋಡೆಯ ಸಂದಿಗೆ ಕೈಹಾಕಿ, ಎರಡು ಬೊಗಸೆ ಎತ್ತಿ ತೂಗಿದ. ನಾನ್ನೂರು ಗ್ರಾಂ. ನಂಬರು, ತೂಕ, ಎಂಟರ್.

ಪ್ರೋಗ್ರಾಮ್ ಮುಗಿಯಿತು. ಪ್ರಿಂಟರ್ ಕರ್ರ್ ಎಂದು ಪಟ್ಟಿಯನ್ನು ಪೂರ್ತಿ ಅಚ್ಚುಹಾಕಿ ನಿಲ್ಲುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಬೆಳಗಿನಿಂದ ಮೊದಲ ಬಾರಿಗೆ ತಲೆ ಎತ್ತಿ ಚೆಲುವಯ್ಯ ಹಾಳೆಯನ್ನು ಅಂಬುಜಮ್ಮನವರ ಕೈಗೆ ಕೊಟ್ಟ.

ಅವರು ಕೊನೆಯ ಸಾಲನ್ನು ಎರಡು ಸಲ ಓದಿದರು. "ಚಿಕ್ಕಲಕ್ಷ್ಮಮ್ಮ ಅಂದ್ರೆ ಯಾರು?"

"ನಮ್ಮನೆಯೋರು ಮೇಡಂ."

ಅಂಬುಜಮ್ಮನವರು ಬ್ಯಾಗಿನಿಂದ ಒಂದು ಅರ್ಜಿ ತೆಗೆದರು. ಅದರಲ್ಲಿ ಕಂಪ್ಯೂಟರಿನ ಸುದ್ದಿಯೇ ಇರಲಿಲ್ಲ. ಈ ಸಂಘದಲ್ಲಿ ತಕ್ಕಡಿಯಿಂದ ಉದುರಿದ ಗೂಡು ಸಂಜೆಯೊಳಗೆ ಮಾಯವಾಗುತ್ತದೆ, ಯಾರ ಮನೆ ಸೇರುತ್ತಿದೆಯೆಂದು ವಿಚಾರಣೆ ಮಾಡಬೇಕು ಎಂದು ಮೂವತ್ತು ಜನ ರೈತರು ಹೆಬ್ಬೆಟ್ಟು ಒತ್ತಿದ್ದರು.

"ಇದನ್ನ ವಿಚಾರಿಸೋಕೇ ಬಂದಿದ್ದು. ಹೆಸರು, ತೂಕ ಎಲ್ಲಾ ನೀವೇ ಅಚ್ಚು ಹಾಕಿ ಕೊಟ್ರಿ" ಎಂದು ಅವರು ವರದಿ ಬರೆಯತೊಡಗಿದರು.

ಚೆಲುವಯ್ಯನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮೇಡಂ, ಅದು ಹಾಗಲ್ಲ, ನಿಲ್ಲಿಸುವ ಸೂಚನೆ ಬಂದಾಗ ಯಂತ್ರ ಲಾಟಿಗೆ ಕಾಯುತ್ತಿತ್ತು ಎಂದು ತೊದಲಿದ. ಅವರು ತಲೆ ಎತ್ತದೆ ಎಡಗೈ ಅಡ್ಡ ಹಿಡಿದು, ಬರೆಯುವಾಗ ನಡುವೆ ಬಾಯಿ ಹಾಕಬೇಡಿ, ನೀವು ಏನೋ ಹೇಳಬೇಕೆಂದಿದ್ದೀರಿ ಎಂದು ಗುರುತು ಹಾಕಿಕೊಂಡಿದ್ದೇನೆ ಎಂದರು. ಬರೆದು ಮುಗಿಸಿ, ಸಹಿ ಮಾಡಿ, ಮೊಹರು ಒತ್ತಿ, ಕವರಿಗೆ ಹಾಕಿ ಅಂಟಿಸಿದರು. ಆಮೇಲೆ ಕನ್ನಡಕ ತೆಗೆದು, "ಹಾಂ, ಈಗ ಹೇಳಿ" ಎಂದರು.